ಲ್ಯಾಪ್‌ಟಾಪ್ ಸ್ಕ್ರೀನ್ ಒಡೆದಿದೆ, ಟಿವಿಗೆ ಹಾಕಿದರೂ ಕಪ್ಪು. ಒಳಗಿರುವ ಫೈಲ್ ತೆಗೆಯೋದು ಹೇಗೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು, ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಕಂಪ್ಯೂಟರಿನಲ್ಲಿ ಟೈಪ್ ಮಾಡೋದು, ಪ್ರಿಂಟ್ ತೆಗೆಯೋದು ಬಿಟ್ಟರೆ ಜಾಸ್ತಿ ಏನೂ ಗೊತ್ತಿಲ್ಲ. ದಯವಿಟ್ಟು ಬಿಡಿಸಿ ಹೇಳಿ.

ಭಾನುವಾರ ರಾತ್ರಿ ಪ್ರಶ್ನೆಪತ್ರಿಕೆ ಟೈಪ್ ಮಾಡ್ತಾ ಇದ್ದೆ. ಮಳೆ ಜೋರಾಗಿ ಕರೆಂಟ್ ಹೋಯ್ತು. ಕತ್ತಲಲ್ಲೇ ಲ್ಯಾಪ್‌ಟಾಪ್ ಮುಚ್ಚಿದೆ. ಕೀಬೋರ್ಡ್ ಮೇಲೆ ಬಾಲ್ ಪೆನ್ ಇತ್ತು, ನೋಡಲಿಲ್ಲ. ಚಟ್ ಅಂತ ಸಣ್ಣ ಸದ್ದು ಬಂತು. ತೆಗೆದು ನೋಡಿದರೆ ಎಡಗಡೆ ಕೆಳಗೆ ಮಸಿ ಚೆಲ್ಲಿದ ಹಾಗೆ ಕಪ್ಪು ಕಲೆ, ಅಲ್ಲಿಂದ ಮೇಲಕ್ಕೆ ಹಸಿರು, ನೇರಳೆ ಬಣ್ಣದ ಗೆರೆಗಳು. ಬಲಗಡೆ ಅರ್ಧ ಇನ್ನೂ ಓದಲಿಕ್ಕೆ ಬರುತ್ತಿತ್ತು. ಬೆಳಿಗ್ಗೆ ನೋಡಿದರೆ ಕಲೆ ಅಂಗೈ ಅಗಲ ಆಗಿತ್ತು. ಮಂಗಳವಾರದ ಹೊತ್ತಿಗೆ ಪೂರ್ತಿ ಕಪ್ಪು.

ಪೇಟೆಯಲ್ಲಿ ಒಂದು ಅಂಗಡಿಗೆ ತೋರಿಸಿದೆ. ಅವರು ಎಚ್‌ಡಿಎಂಐ ವೈರ್ ಹಾಕಿ ಬೇರೆ ಮಾನಿಟರ್‌ಗೆ ಜೋಡಿಸಿದರು, ಅದರಲ್ಲೂ ಏನೂ ಬರಲಿಲ್ಲ. "ಬೋರ್ಡೂ ಹೋಗಿದೆ, ಎರಡೂ ಸೇರಿ 18,000 ಆಗುತ್ತೆ, ಅದರ ಬದಲು ಹೊಸದೇ ತಗೊಳ್ಳಿ" ಅಂದರು. ಮನೆಗೆ ತಂದು ನಮ್ಮ ಟಿವಿಗೂ ಹಾಕಿ ನೋಡಿದೆ. ಕಪ್ಪು. ಆದರೆ ಪವರ್ ಬಟನ್ ಒತ್ತಿದರೆ ದೀಪ ಬರುತ್ತೆ, ಫ್ಯಾನ್ ತಿರುಗುತ್ತೆ.

ಲ್ಯಾಪ್‌ಟಾಪ್ ಹೋದರೆ ಹೋಗಲಿ, ಹೇಗೋ ಸಾಲ ಮಾಡಿ ತಗೊಳ್ಳಬಹುದು. ಒಳಗೆ ಇರೋದು ಅಮ್ಮನ ಹಾಡುಗಳು. ಅಮ್ಮನಿಗೆ 78 ವರ್ಷ. ಮೂರು ವರ್ಷದಿಂದ ಸಂಜೆ ಹೊತ್ತು ಅವರು ಸೋಬಾನೆ ಪದ ಹೇಳ್ತಾ ಹೋಗ್ತಾರೆ, ನಾನು ಟೈಪ್ ಮಾಡ್ತೀನಿ. ನೂರ ನಲವತ್ತು ಹಾಡು ಆಗಿದೆ. ಪೆನ್‌ಡ್ರೈವ್‌ನಲ್ಲಿ ಇರೋದು ಕಳೆದ ಯುಗಾದಿ ತನಕದ್ದು ಮಾತ್ರ. ಆಮೇಲೆ ಹೇಳಿದ್ದರಲ್ಲಿ ಕೆಲವು ಈಗ ಕೇಳಿದರೆ ಅಮ್ಮನಿಗೆ ಅರ್ಧಕ್ಕೇ ನಿಂತು ಹೋಗುತ್ತೆ. ಮತ್ತೆ ಹೇಳಿಸಿ ಬರೆಯೋಣ ಅಂದರೆ ಆಗಲ್ಲ.

15.6 ಇಂಚಿನ ಸ್ಕ್ರೀನ್, 2021ರಲ್ಲಿ ತಗೊಂಡಿದ್ದು, ವಿಂಡೋಸ್ 11, ಟಚ್ ಇಲ್ಲ. ವಾರಂಟಿ ಮುಗಿದಿದೆ.

ಎಸ್‌ಪಿ ರೋಡ್ ಕೆಲಸಗಾರ

ಮೇಡಂ, ಮೊದಲು ಗಾಬರಿ ಬಿಡಿ. ನಾನು ಬೆಂಗಳೂರು ಎಸ್‌ಪಿ ರೋಡಲ್ಲಿ ಹನ್ನೆರಡು ವರ್ಷದಿಂದ ಇದೇ ಕೆಲಸ ಮಾಡ್ತಾ ಇದ್ದೀನಿ. ಪೆನ್ನು ಸಿಕ್ಕಿಹಾಕಿಕೊಂಡು ಒಡೆದ ಸ್ಕ್ರೀನು ವಾರಕ್ಕೆ ಒಂದಾದರೂ ಬರುತ್ತೆ. ಪೆನ್ನು ಒತ್ತಿದ್ದು ಗಾಜಿಗೆ. ಬೋರ್ಡ್ ಅಂದರೆ ಲ್ಯಾಪ್‌ಟಾಪಿನ ಮುಖ್ಯ ಸರ್ಕ್ಯೂಟ್ ಹಲಗೆ, ಅದು ಇರೋದು ಕೀಬೋರ್ಡಿನ ಕೆಳಗೆ. ಆ ಒತ್ತಡಕ್ಕೆ ಬೋರ್ಡ್ ಹೋಗೋದನ್ನ ನಾನಂತೂ ನೋಡಿಲ್ಲ.

ಕಲೆ ಯಾಕೆ ಹರಡಿತು ಅಂದರೆ, ಪ್ಯಾನೆಲ್, ಅಂದರೆ ಚಿತ್ರ ಮೂಡುವ ಆ ಸ್ಕ್ರೀನಿನ ಒಳಗೆ ಎರಡು ತೆಳು ಗಾಜಿನ ಹಾಳೆ, ನಡುವೆ ಲಿಕ್ವಿಡ್ ಕ್ರಿಸ್ಟಲ್ ಅನ್ನೋ ದ್ರವ ಇರುತ್ತೆ. ಗಾಜು ಬಿರುಕು ಬಿಟ್ಟ ಕಡೆ ಅದು ಜಾಗ ಬಿಟ್ಟು ಸರಿಯುತ್ತೆ, ಕಪ್ಪಗೆ ಕಾಣುತ್ತೆ. ಗಾಜಿನ ಮೇಲೆ ಕೂದಲಿಗಿಂತ ಸಣ್ಣ ತಂತಿಗಳು ಇವೆ, ಅವು ತುಂಡಾದಲ್ಲಿ ಬಣ್ಣದ ಗೆರೆ. ಮುಚ್ಚಿ ತೆಗೆದು ಮಾಡಿದ ಹಾಗೆ ಬಿರುಕು ಬೆಳೀತಾ ಹೋಗುತ್ತೆ. ಅದನ್ನ ಬೆರಳಿನಿಂದ ಒತ್ತಿ ನೋಡಬೇಡಿ. ಬಿರುಕಿನ ಮೇಲೆ ಅಗಲದ ಸೆಲ್ಲೋ ಟೇಪ್ ಅಂಟಿಸಿ. ಏನಾದರೂ ಒಸರಿ ಕೈಗೆ ತಾಗಿದರೆ ಸೋಪು ಹಾಕಿ ತೊಳೆದುಕೊಳ್ಳಿ.

ಈಗ ಎರಡು ವಿಷಯ ನೋಡಿ ಹೇಳಿ. ಲ್ಯಾಪ್‌ಟಾಪ್ ಆನ್ ಮಾಡಿ ಎರಡು ನಿಮಿಷ ಬಿಟ್ಟು ಕ್ಯಾಪ್ಸ್ ಲಾಕ್ ಒತ್ತಿ. ಒತ್ತಿದಾಗೆಲ್ಲ ಅದರ ದೀಪ ಹತ್ತಿ ಆರುತ್ತಾ? ಇನ್ನೊಂದು, ಟಿವಿ ಕಪ್ಪು ಅಂದಿರಿ. ಸುಮ್ನೆ ಕಪ್ಪಾ, ಇಲ್ಲಾ "ನೋ ಸಿಗ್ನಲ್" ಅಂತ ಬರುತ್ತಾ? ಎರಡಕ್ಕೂ ತುಂಬಾ ವ್ಯತ್ಯಾಸ ಇದೆ. ಮತ್ತೆ ನೋಡುವಾಗ ಮುಚ್ಚಳ ತೆರೆದೇ ಇರಲಿ, ಮುಚ್ಚಿದರೆ ವಿಂಡೋಸ್ ನಿದ್ದೆಗೆ ಹೋಗುತ್ತೆ.

ಧಾರವಾಡದ ಹುಡುಗ

ಅಕ್ಕಾ, ಅಷ್ಟೆಲ್ಲ ಕಷ್ಟ ಯಾಕೆ? 2021ರ ಲ್ಯಾಪ್‌ಟಾಪ್ ಅಂದರೆ ಸಾಮಾನ್ಯವಾಗಿ ಒಳಗೆ ಎಸ್‌ಎಸ್‌ಡಿ ಇರುತ್ತೆ, ಫೈಲ್ ಎಲ್ಲಾ ಇರೋದು ಅದರಲ್ಲೇ, ಚೂಯಿಂಗ್ ಗಮ್ ಪಟ್ಟಿ ಥರ ಸಣ್ಣದು, ಒಂದೇ ಸ್ಕ್ರೂ. ಹಿಂದಿನ ಕವರ್ ಬಿಚ್ಚಿ ಅದನ್ನ ತೆಗೆದು ಯುಎಸ್‌ಬಿ ಎನ್‌ಕ್ಲೋಶರ್ ಅನ್ನೋ ಸಣ್ಣ ಡಬ್ಬಿಗೆ ಹಾಕಿದರೆ ಬೇರೆ ಕಂಪ್ಯೂಟರ್‌ನಲ್ಲಿ ಪೆನ್‌ಡ್ರೈವ್ ಥರಾನೇ ತೆರೆಯುತ್ತೆ. ನಮ್ಮ ಹಾಸ್ಟೆಲಲ್ಲಿ ಒಬ್ಬನದು ಹೀಗೇ ಆಗಿತ್ತು, ಅರ್ಧ ಗಂಟೆಯಲ್ಲಿ ಎಲ್ಲಾ ಫೋಟೋ ತೆಗೆದೆವು. ಎನ್‌ಕ್ಲೋಶರ್ ತಗೊಳ್ಳುವಾಗ ಎಸ್‌ಎಸ್‌ಡಿ ಮೇಲೆ ಎನ್‌ವಿಎಂಇ ಅಂತ ಇದೆಯಾ, ಸಾಟಾ ಅಂತ ಇದೆಯಾ ನೋಡಿ. ಒಂದಕ್ಕೆ ಮಾತ್ರ ಅಂತ ಮಾಡಿದ್ದು ಇನ್ನೊಂದಕ್ಕೆ ಆಗಲ್ಲ.

ಎಸ್‌ಪಿ ರೋಡ್ ಕೆಲಸಗಾರ

ತಮ್ಮಾ, ನೀನು ಹೇಳಿದ್ದು ಸರಿ, ಆದರೆ ಮೊದಲೇ ಅದಕ್ಕೆ ಕೈ ಹಾಕೋದು ಬೇಡ. ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆ ಹಾಕಿ ಶುರು ಮಾಡಿದ್ದರೆ ಎಷ್ಟೋ ಲ್ಯಾಪ್‌ಟಾಪಲ್ಲಿ ಡ್ರೈವ್ ತಾನಾಗೇ ಎನ್‌ಕ್ರಿಪ್ಟ್ ಆಗಿರುತ್ತೆ, ಅಂದರೆ ಕೀ ಇಲ್ಲದೆ ಓದಲಿಕ್ಕೆ ಆಗದ ಹಾಗೆ ಬೀಗ ಬಿದ್ದಿರುತ್ತೆ, ಮಾಲೀಕರಿಗೆ ಗೊತ್ತೇ ಇರಲ್ಲ. ಆ ಎಸ್‌ಎಸ್‌ಡಿ ಬೇರೆ ಕಂಪ್ಯೂಟರ್‌ಗೆ ಹಾಕಿದರೆ ಬಿಟ್‌ಲಾಕರ್‌ನ 48 ಅಂಕೆಯ ರಿಕವರಿ ಕೀ ಕೇಳುತ್ತೆ. ಮೇಡಂ, ನೀವು ಫೋನಲ್ಲೇ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ಡಿವೈಸ್ ಪಟ್ಟಿಯಲ್ಲಿ ಈ ಲ್ಯಾಪ್‌ಟಾಪ್ ಹುಡುಕಿ, ಅಲ್ಲಿ ಕೀ ಇದ್ದರೆ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಲ್ಯಾಪ್‌ಟಾಪ್ ತಾನೇ ತಾನಾಗಿ ತೆರೆದುಕೊಂಡರೆ ಇದು ಯಾವುದೂ ಬೇಕಾಗಲ್ಲ. ಅದಕ್ಕೇ ಮೊದಲು ಟಿವಿ ದಾರಿ ನೋಡೋಣ ಅಂದೆ.

ತುಂಗಾತೀರ

ಇಬ್ಬರಿಗೂ ಧನ್ಯವಾದ. ಕೀ ಸಿಕ್ಕಿತು, ಡೈರಿಯಲ್ಲಿ ಬರೆದಿಟ್ಟೆ, ಎರಡು ಸಲ ಓದಿ ನೋಡಿದೆ.

ಕ್ಯಾಪ್ಸ್ ಲಾಕ್ ದೀಪ ಒತ್ತಿದ ಹಾಗೆ ಹತ್ತಿ ಆರುತ್ತೆ. ಟಿವಿ ವಿಷಯ ನೀವು ಹೇಳಿದ ಮೇಲೆ ಸರಿಯಾಗಿ ಗಮನಿಸಿದೆ. ವೈರ್ ಹಾಕದೇ ಇದ್ದಾಗ "ನೋ ಸಿಗ್ನಲ್" ಅಂತ ಅಕ್ಷರ ಓಡಾಡುತ್ತೆ. ವೈರ್ ಹಾಕಿ ಎರಡು ಸೆಕೆಂಡ್ ಆದ ಮೇಲೆ ಆ ಅಕ್ಷರ ಹೋಗಿ ಬರೀ ಕಪ್ಪು ಉಳಿಯುತ್ತೆ.

ಎಸ್‌ಪಿ ರೋಡ್ ಕೆಲಸಗಾರ

ಇದೇ ಬೇಕಾಗಿದ್ದು. ಅಕ್ಷರ ಹೋಯ್ತು ಅಂದರೆ ಲ್ಯಾಪ್‌ಟಾಪಿನಿಂದ ಟಿವಿಗೆ ಸಿಗ್ನಲ್ ಹೋಗ್ತಾ ಇದೆ. ಬೋರ್ಡ್ ಚೆನ್ನಾಗಿದೆ. ಹೊಸ ಮಾನಿಟರ್ ಸಿಕ್ಕಿದಾಗ ವಿಂಡೋಸ್ ಅದನ್ನ ಸಾಮಾನ್ಯವಾಗಿ ಎಕ್ಸ್‌ಟೆಂಡ್ ಅಂತ ತಗೊಳ್ಳುತ್ತೆ, ಅಂದರೆ ಎರಡನೇ ಮೇಜು ಇಟ್ಟ ಹಾಗೆ. ಪಿನ್ ಕೇಳುವ ಪುಟ ಮೊದಲನೇ ಮೇಜಿನ ಮೇಲೇ ಇರುತ್ತೆ, ಅದು ನಿಮ್ಮ ಒಡೆದ ಸ್ಕ್ರೀನ್. ಎರಡನೆಯದು ಸುಮ್ನೆ ಕಪ್ಪಗೆ ಕೂತಿರುತ್ತೆ. ಅಂಗಡಿಯವರು ಅದನ್ನೇ ನೋಡಿ ಬೋರ್ಡ್ ಹೋಗಿದೆ ಅಂದಿದ್ದಾರೆ. ಇನ್ನೊಂದು ನಿಮಿಷ ಕೊಟ್ಟು ನೋಡಬೇಕಿತ್ತು.

ಮಾಡಬೇಕಾದ್ದು ಇಷ್ಟೇ: ಆನ್ ಮಾಡಿ, ಎರಡು ನಿಮಿಷ ಬಿಟ್ಟು ಒಂದು ಸಲ ಎಂಟರ್ ಒತ್ತಿ, ಪಿನ್ ಟೈಪ್ ಮಾಡಿ, ಅರ್ಧ ನಿಮಿಷ ಕಾಯಿರಿ. ಆಮೇಲೆ ವಿಂಡೋಸ್ ಕೀ ಹಿಡಿದು ಪಿ ಒತ್ತಿ ಬಿಡಿ, ಮೇಲಿನ ಬಾಣ ಒಂದು ಸಲ, ಎಂಟರ್. ಅದು ಡೂಪ್ಲಿಕೇಟ್. ಒಡೆದ ಸ್ಕ್ರೀನಿನಲ್ಲಿ ಏನಿದೆಯೋ ಅದೇ ಟಿವಿಯಲ್ಲಿ ಬರುತ್ತೆ.

ತುಂಗಾತೀರ

ಆರು ಸಲ ಮಾಡಿದೆ ಸರ್. ಬರಲಿಲ್ಲ. ಪಿನ್ ಸರಿಯಾಗಿ ಹೋಯ್ತಾ, ಲಾಗಿನ್ ಆಯ್ತಾ, ಆ ಪಟ್ಟಿ ತೆರೆದುಕೊಂಡಿತಾ ಅಂತ ಒಂದೂ ತಿಳಿಯಲ್ಲ. ಕತ್ತಲೆ ಕೋಣೆಯಲ್ಲಿ ಸೂಜಿ ಹುಡುಕಿದ ಹಾಗೆ ಆಗಿದೆ. ಅಮ್ಮ ಪಕ್ಕದಲ್ಲೇ ಕೂತು "ಹೋದರೆ ಹೋಗಲಿ ಬಿಡೇ" ಅಂತಾರೆ, ಅದನ್ನ ಕೇಳಿದರೆ ಇನ್ನೂ ಸಂಕಟ.

ಕಿವಿಮಾತು

ನಮಸ್ಕಾರ ಮೇಡಂ. ನನಗೆ ಹುಟ್ಟಿದಾಗಿನಿಂದ ಕಣ್ಣು ಕಾಣಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡ್ತೀನಿ, ದಿನವಿಡೀ ಕಂಪ್ಯೂಟರ್ ಮುಂದೆಯೇ ಇರ್ತೀನಿ, ಸ್ಕ್ರೀನ್ ಆನ್ ಇದೆಯೋ ಆಫ್ ಇದೆಯೋ ನನಗೆ ಲೆಕ್ಕವೇ ಇಲ್ಲ. ನಿಮ್ಮ ಲ್ಯಾಪ್‌ಟಾಪ್ ಮಾತಾಡುತ್ತೆ, ಅದನ್ನ ಮಾತಾಡಿಸಿ.

ವಿಂಡೋಸ್ ಕೀ, ಕಂಟ್ರೋಲ್, ಎಂಟರ್, ಮೂರನ್ನೂ ಒಟ್ಟಿಗೆ ಒತ್ತಿ. ನ್ಯಾರೇಟರ್ ಅಂತ ಒಂದು ಸೌಲಭ್ಯ ವಿಂಡೋಸ್ ಜೊತೆಗೇ ಬಂದಿರುತ್ತೆ, ಬೇರೆ ಹಾಕಿಕೊಳ್ಳೋದು ಬೇಡ. ಪಿನ್ ಕೇಳುವ ಪುಟದಲ್ಲೂ ಕೆಲಸ ಮಾಡುತ್ತೆ. ಇಂಗ್ಲಿಷಲ್ಲಿ ಓದುತ್ತೆ, ಸ್ವಲ್ಪ ವೇಗ ಅನ್ನಿಸಬಹುದು, ಎರಡು ಸಲ ಕೇಳಿದರೆ ಕಿವಿಗೆ ಹೊಂದುತ್ತೆ. ಮೊದಲು ವಾಲ್ಯೂಮ್ ಜಾಸ್ತಿ ಮಾಡೋ ಕೀ ಹತ್ತು ಸಲ ಒತ್ತಿ. ಎಚ್‌ಡಿಎಂಐ ವೈರ್ ಈಗ ತೆಗೆದಿಡಿ, ಇಲ್ಲದಿದ್ದರೆ ಧ್ವನಿ ಟಿವಿ ಕಡೆ ಹೋಗಿಬಿಡುತ್ತೆ. ಲಾಗಿನ್ ಆದ ಮೇಲೆ ವೈರ್ ಹಾಕಿ. ಆಗ ಧ್ವನಿ ಟಿವಿಯಿಂದ ಬಂದರೆ ಹೆದರಬೇಡಿ.

ಕೀ ಒತ್ತಿದ ಮೇಲೆ ಅದು ಏನು ಹೇಳುತ್ತೆ ಅಂತ ಪೂರ್ತಿ ಕೇಳಿ, ಆಮೇಲೆ ಮುಂದಿನ ಕೀ. ಅವಸರ ಬೇಡ. ವಿಂಡೋಸ್ ಮತ್ತು ಪಿ ಒತ್ತಿದಾಗ ಯಾವ ಆಯ್ಕೆಯ ಮೇಲೆ ಇದ್ದೀರಿ ಅಂತಲೂ ಅದೇ ಓದುತ್ತೆ. ಬಾಣ ಒತ್ತುತ್ತಾ ಹೋಗಿ, "ಡೂಪ್ಲಿಕೇಟ್" ಅಂತ ಕೇಳಿಸಿದ ಕೂಡಲೇ ಎಂಟರ್.

ಇನ್ನೊಂದು ಅನುಮಾನ. ಪಿನ್ ಅನ್ನು ಬಲಗಡೆಯ ನಂಬರ್ ಕೀಗಳಲ್ಲಿ ಹೊಡೀತೀರಾ? ನಮ್ ಲಾಕ್ ಆಫ್ ಆಗಿದ್ದರೆ ಅಂಕೆಯೇ ಬೀಳಲ್ಲ, ಆನ್ ಇದ್ದರೂ ನೋಡದೆ ಹೊಡೆದರೆ ತಪ್ಪು ಅಂಕೆ ಬೀಳಬಹುದು. ಮೇಲಿನ ಸಾಲಿನ ಅಂಕೆಗಳನ್ನೇ ಒತ್ತಿ.

ತುಂಗಾತೀರ

ಬಂತು! ಬಂತು ಸರ್!

ಹೇಗಾಯ್ತು ಅಂತ ಪೂರ್ತಿ ಹೇಳ್ತೀನಿ, ಮುಂದೆ ಬೇರೆಯವರಿಗೂ ಬೇಕಾಗಬಹುದು. ಮೂರು ಕೀ ಒತ್ತಿದೆ. ಐದು ಸೆಕೆಂಡ್ ಏನೂ ಇಲ್ಲ. ಆಮೇಲೆ ಒಂದು ಧ್ವನಿ ಶುರುವಾಯ್ತು. ಅಮ್ಮ ಬೆಚ್ಚಿ "ಯಾರು ಅದು" ಅಂದರು. ಮೊದಲ ಸಲ ಅರ್ಥ ಆಗಲಿಲ್ಲ, ಎರಡನೇ ಸಲ ಕಿವಿ ಹತ್ತಿರ ಹಿಡಿದು ಕೇಳಿದೆ. ತುಂಬಾ ಸಲ ತಪ್ಪು ಪಿನ್ ಹಾಕಿದ್ದೀರಿ, ಮತ್ತೆ ಪ್ರಯತ್ನಿಸಲು ಎ1ಬಿ2ಸಿ3 ಅಂತ ಟೈಪ್ ಮಾಡಿ ಅಂತ ಹೇಳ್ತಾ ಇತ್ತು. ನೀವು ಅನುಮಾನ ಪಟ್ಟಿದ್ದೇ ಸರಿ, ನಾನು ಬಲಗಡೆ ಕೀಗಳಲ್ಲೇ ಹೊಡೀತಿದ್ದೆ, ಅಷ್ಟೂ ದಿನ ಪಿನ್ ತಪ್ಪೇ ಹೋಗ್ತಾ ಇತ್ತು. ಅದು ಕೇಳಿದ್ದನ್ನ ಟೈಪ್ ಮಾಡಿ ಎಂಟರ್ ಒತ್ತಿದೆ, ಮೇಲಿನ ಸಾಲಿನಲ್ಲಿ ಪಿನ್ ಹಾಕಿದೆ. ವೈರ್ ಜೋಡಿಸಿದೆ. ವಿಂಡೋಸ್ ಪಿ. "ಎಕ್ಸ್‌ಟೆಂಡ್" ಅಂತು. ಮೇಲಿನ ಬಾಣ. "ಡೂಪ್ಲಿಕೇಟ್". ಎಂಟರ್ ಒತ್ತುವಾಗ ಕೈ ನಡುಗುತ್ತಿತ್ತು.

ಟಿವಿ ಒಂದು ಸಲ ಮಿನುಗಿ ನನ್ನ ಡೆಸ್ಕ್‌ಟಾಪ್ ಬಂತು. ಮೊದಲು "ಅಮ್ಮ" ಫೋಲ್ಡರ್ ತೆರೆದು ಕಡೆಯ ಹಾಡು ಇದೆಯಾ ನೋಡಿದೆ. ಇತ್ತು, ಹಸೆಗೆ ಕರೆಯುವ ಹಾಡು. ಅಷ್ಟು ದೊಡ್ಡ ಅಕ್ಷರದಲ್ಲಿ ಟಿವಿ ಮೇಲೆ ನೋಡಿ ಅಮ್ಮ ಕನ್ನಡಕ ಇಲ್ಲದೆಯೇ ಓದಿದರು, ಮೂರನೇ ಸಾಲಿನಲ್ಲಿ ನಾನು ಒಂದು ಪದ ತಪ್ಪು ಬರೆದಿದ್ದೀನಿ ಅಂತಲೂ ಹೇಳಿದರು. ಎಲ್ಲವನ್ನೂ ಎರಡು ಪೆನ್‌ಡ್ರೈವ್‌ಗೆ ಹಾಕಿದ್ದೀನಿ, ಒಂದು ತಮ್ಮನ ಮನೆಯಲ್ಲಿ ಇರಲಿ ಅಂತ ಕೊಟ್ಟೆ.

ಒಂದೇ ತೊಂದರೆ. ತಮ್ಮನ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡ ಬರಲ್ಲ, ಬರೀ ಇಂಗ್ಲಿಷ್ ಅಕ್ಷರ, ನಡುನಡುವೆ ತಲೆ ಮೇಲೆ ಗೀಟು ಇರುವ ಎ, ಏನೇನೋ ಗುರುತು. ಕಾಪಿ ಮಾಡುವಾಗ ಫೈಲ್ ಹಾಳಾಯ್ತಾ?

ಧಾರವಾಡದ ಹುಡುಗ

ಹಾಳಾಗಿಲ್ಲ ಅಕ್ಕಾ. ನೀವು ನುಡಿ ತಂತ್ರಾಂಶದಲ್ಲಿ ಹಳೇ ಫಾಂಟ್‌ನಿಂದ ಟೈಪ್ ಮಾಡಿರಬೇಕು, ನುಡಿ 01 ಇ ಥರದ್ದು. ಅದರಲ್ಲಿ ಒಳಗೆ ಇರೋದು ಇಂಗ್ಲಿಷ್ ಅಕ್ಷರಗಳೇ, ಫಾಂಟ್ ಅದಕ್ಕೆ ಕನ್ನಡದ ರೂಪ ಕೊಡುತ್ತೆ. ಆ ಫಾಂಟ್ ಇಲ್ಲದ ಕಡೆ ಬಣ್ಣ ಬಯಲಾಗುತ್ತೆ. ತಮ್ಮನ ಕಂಪ್ಯೂಟರ್‌ಗೆ ನುಡಿ ಹಾಕಿ, ಸರಿಯಾಗಿ ಕಾಣುತ್ತೆ.

ಕಿವಿಮಾತು

ಮೇಡಂ, ಓದಿ ತುಂಬಾ ಸಂತೋಷ ಆಯ್ತು. ಒಂದು ಮಾತು ಸೇರಿಸ್ತೀನಿ. ಆಗೋದಾದರೆ ಅದನ್ನೆಲ್ಲ ಯೂನಿಕೋಡ್‌ಗೆ ಬದಲಾಯಿಸಿ, ಅದರಲ್ಲಿ ಒಳಗೂ ಕನ್ನಡ ಅಕ್ಷರವೇ ಇರುತ್ತೆ. ಆಸ್ಕಿಯಿಂದ, ಅಂದರೆ ಆ ಹಳೇ ಫಾಂಟಿನ ಬಗೆಯಿಂದ, ಯೂನಿಕೋಡ್‌ಗೆ ಬದಲಾಯಿಸುವ ಕನ್ವರ್ಟರ್‌ಗಳು ಉಚಿತವಾಗಿ ಸಿಗುತ್ತವೆ. ಬದಲಾಯಿಸಿದ ಮೇಲೆ ಅರ್ಕಾವೊತ್ತು, ಒತ್ತಕ್ಷರ ಇರುವ ಪದಗಳನ್ನು ಒಂದು ಸಲ ಕಣ್ಣಾಡಿಸಿ, ಅಲ್ಲೇ ತಪ್ಪು ನುಸುಳೋದು. ಹಳೇ ಫೈಲನ್ನೂ ಅಳಿಸಬೇಡಿ.

ಯಾಕೆ ಹೇಳ್ತೀನಿ ಅಂದರೆ, ನಾನು ಓದೋದು ಎನ್‌ವಿಡಿಎ ಅನ್ನೋ ಉಚಿತ ಸ್ಕ್ರೀನ್ ರೀಡರ್‌ನಿಂದ, ಅದರ ಜೊತೆ ಬರುವ ಇಸ್ಪೀಕ್ ಧ್ವನಿ ಕನ್ನಡ ಓದುತ್ತೆ. ಯೂನಿಕೋಡ್ ಇದ್ದರೆ ಮಾತ್ರ. ಹಳೇ ಫಾಂಟಿನ ಫೈಲ್ ಕೊಟ್ಟರೆ ಎ, ಪಿ, ಕ್ಯೂ ಅಂತ ಇಂಗ್ಲಿಷ್ ಅಕ್ಷರ ಒದರುತ್ತೆ, ಒಂದು ಪದವೂ ಸಿಗಲ್ಲ. ಕನ್ನಡದಲ್ಲಿ ನನಗೆ ಓದಲಿಕ್ಕೆ ಆಗದೆ ಉಳಿದಿರೋದು ಹೀಗೆ ಎಷ್ಟೋ ಇದೆ. ನನ್ನ ಅಜ್ಜಿಯೂ ಹಸೆ ಹಾಡು ಹೇಳ್ತಿದ್ದರು. ನಿಮ್ಮ ಅಮ್ಮ ಒಪ್ಪಿದರೆ ಆ ಒಂದು ಹಾಡು ನನಗೂ ಬೇಕು.

ಎಸ್‌ಪಿ ರೋಡ್ ಕೆಲಸಗಾರ

ಕಿವಿಮಾತು ಅವರೇ, ನಿಮ್ಮಿಂದ ನಾನೂ ಕಲಿತೆ. ಇಷ್ಟು ವರ್ಷ ಇಂಥ ಕೇಸ್ ಬಂದರೆ ನಾನು ಬೇರೆ ಪ್ಯಾನೆಲ್ ತಾತ್ಕಾಲಿಕವಾಗಿ ಜೋಡಿಸಿ ನೋಡ್ತಿದ್ದೆ. ಊರಲ್ಲಿ ಇರುವವರಿಗೆ ಆ ಸೌಕರ್ಯ ಎಲ್ಲಿರುತ್ತೆ.

ಮೇಡಂ, ಈಗ ಪ್ಯಾನೆಲ್ ವಿಷಯ. ಲ್ಯಾಪ್‌ಟಾಪ್ ಮಾಡೆಲ್ ಹೆಸರು ಹೇಳಿ ಪ್ಯಾನೆಲ್ ತಗೊಳ್ಳಬೇಡಿ. ಒಂದೇ ಮಾಡೆಲ್‌ಗೆ ಕಂಪನಿಯವರು ಮೂರ್ನಾಲ್ಕು ಥರದ ಪ್ಯಾನೆಲ್ ಹಾಕಿರ್ತಾರೆ. ಹಳೇ ಪ್ಯಾನೆಲ್ ಬೆನ್ನಿನ ಮೇಲೆ ಸ್ಟಿಕ್ಕರ್ ಇರುತ್ತೆ, ಅದರಲ್ಲಿರುವ ನಂಬರ್ ನೋಡಿ. ಅದರೊಳಗೆ 156 ಅಂತ ಇದ್ದರೆ 15.6 ಇಂಚು. ನೋಡಬೇಕಾದ್ದು ರೆಸಲ್ಯೂಶನ್, ವೈರಿನ ಪಿನ್ ಎಷ್ಟು, ಮತ್ತೆ ಅಗಲ. ಟಚ್ ಇಲ್ಲದ, 60 ಹರ್ಟ್ಸ್‌ನ ಪ್ಯಾನೆಲ್‌ಗೆ ಸಾಮಾನ್ಯವಾಗಿ 30 ಪಿನ್. ಟಚ್ ಇರೋದು, ಗೇಮಿಂಗ್‌ನವು ಬಹಳಷ್ಟು 40 ಪಿನ್. ಅಗಲದಲ್ಲಿ ಜನ ಮೋಸ ಹೋಗ್ತಾರೆ, 15.6ರಲ್ಲೇ ಹಳೇ ಥರದ್ದು ಸುಮಾರು 36 ಸೆಂಟಿಮೀಟರ್, ಅಂಚು ಸಣ್ಣ ಇರುವ ಹೊಸದು 35. ಒಂದು ಸೆಂಟಿಮೀಟರ್ ಅಂದರೆ ಕೂರೋದೇ ಇಲ್ಲ.

ಬಿಚ್ಚುವಾಗ ಒಂದು ವಿಷಯ ಮಾತ್ರ ಮರೀಬೇಡಿ, ಇದನ್ನ ಎಷ್ಟು ಸಲ ಹೇಳಿದರೂ ನನಗೆ ಸಾಲದು. ಚಾರ್ಜರ್ ತೆಗೆಯಿರಿ, ಹಿಂದಿನ ಕವರ್ ಬಿಚ್ಚಿ ಬ್ಯಾಟರಿ ಕನೆಕ್ಟರ್ ತೆಗೆಯಿರಿ, ಪವರ್ ಬಟನ್ ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ಆಮೇಲೆ ಸ್ಕ್ರೀನಿನ ವೈರ್ ಮುಟ್ಟಿ. ಕರೆಂಟ್ ಇರುವಾಗ ಆ ವೈರ್ ಎಳೆದರೆ ಬೋರ್ಡಿನಲ್ಲಿರುವ ಬ್ಯಾಕ್‌ಲೈಟ್ (ಸ್ಕ್ರೀನ್ ಹಿಂದಿನ ಬೆಳಕು) ಫ್ಯೂಸ್ ಸುಡಬಹುದು. ಅಕ್ಕಿ ಕಾಳಿಗಿಂತ ಸಣ್ಣ ಫ್ಯೂಸ್ ಅದು. ಹೊಸ ಪ್ಯಾನೆಲ್ ಹಾಕಿದರೂ ಕತ್ತಲೆ, ಟಾರ್ಚ್ ಬಿಟ್ಟು ನೋಡಿದರೆ ಮಾತ್ರ ಮಸುಕಾಗಿ ಚಿತ್ರ. ಆಗ ನಿಜವಾಗಿ ಬೋರ್ಡ್ ಕೆಲಸ ಬರುತ್ತೆ.

ಹೊಸ ಪ್ಯಾನೆಲ್ ಬಂದ ಮೇಲೆ ವೈರ್ ಮಾತ್ರ ಚುಚ್ಚಿ, ಬ್ಯಾಟರಿ ಜೋಡಿಸಿ ಒಂದು ಸಲ ಆನ್ ಮಾಡಿ ನೋಡಿ. ಸರಿ ಇದ್ದರೆ ಮತ್ತೆ ಬ್ಯಾಟರಿ ತೆಗೆದು ಅಂಟಿಸಿ. ಅಂಟಿಸಿ ಆದ ಮೇಲೆ ಅಂಗಡಿಯವರು ವಾಪಸ್ ತಗೊಳ್ಳಲ್ಲ. ಕೈಗೆ ಭಯ ಅನ್ನಿಸಿದರೆ ಶಿವಮೊಗ್ಗದಲ್ಲಿ ಮಾಡಿಸಿ, ಆದರೆ ಪ್ಯಾನೆಲ್ ನಂಬರ್ ನೀವೇ ಹೇಳಿ.

ತುಂಗಾತೀರ

ಹತ್ತು ದಿನದ ಮೇಲೆ ಬರೀತಾ ಇದ್ದೀನಿ. ನಾವೇ ಮಾಡಿದೆವು, ನಾನು ಮತ್ತೆ ತಮ್ಮನ ಮಗ. ಬೆಜಲ್, ಅಂದರೆ ಸ್ಕ್ರೀನ್ ಸುತ್ತಲಿನ ಚೌಕಟ್ಟು, ಬಿಡಿಸಲಿಕ್ಕೆ ಹಳೇ ಎಟಿಎಂ ಕಾರ್ಡ್ ಬಳಸಿದೆವು. ನಮ್ಮದರಲ್ಲಿ ಪ್ಯಾನೆಲ್‌ಗೆ ಸ್ಕ್ರೂ ಇರಲಿಲ್ಲ, ಎರಡೂ ಪಕ್ಕ ಎಳೆಯುವ ಟೇಪ್ ಇತ್ತು. ನಿಧಾನಕ್ಕೆ ಕೆಳಗೆ ಎಳೆದರೆ ಹಲಸಿನ ಮೇಣದ ಹಾಗೆ ಉದ್ದ ಬರುತ್ತೆ. ಒಂದು ಕಡೆಯದು ನಡುವೆ ತುಂಡಾಯ್ತು, ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಕೊಟ್ಟು ದಾರ ಹಾಕಿ ಬಿಡಿಸಿದೆವು. ಸ್ಟಿಕ್ಕರ್ ಮೇಲೆ ಎನ್‌ವಿ156ಎಫ್‌ಎಚ್‌ಎಂ-ಎನ್48 ಅಂತ ಇತ್ತು, 30 ಪಿನ್. ಬೆಂಗಳೂರಿನಲ್ಲಿರುವ ನನ್ನ ತಂಗಿ ಅದೇ ನಂಬರಿನದು 4,600ಕ್ಕೆ ತಂದಳು. ಚುಚ್ಚಿ ನೋಡಿದೆವು, ಬಂತು, ಅಂಟಿಸಿದೆವು.

ಆದರೆ ಸರ್, ಸ್ಕ್ರೀನ್ ನೇರ ಇದ್ದಾಗ ಸರಿ ಇದೆ, ಸ್ವಲ್ಪ ಹಿಂದಕ್ಕೆ ವಾಲಿಸಿದರೆ ಮಿನುಗುತ್ತೆ. ಪ್ಯಾನೆಲ್ ಕೆಟ್ಟದ್ದು ಬಂತಾ?

ಎಸ್‌ಪಿ ರೋಡ್ ಕೆಲಸಗಾರ

ಪ್ಯಾನೆಲ್ ಅಲ್ಲ ಮೇಡಂ. ವಾಲಿಸಿದಾಗ ಮಾತ್ರ ಆಗುತ್ತೆ ಅಂದರೆ ವೈರು. ಮತ್ತೆ ಬ್ಯಾಟರಿ ತೆಗೆದು ಬೆಜಲ್ ಬಿಚ್ಚಿ ಹಿಂಜ್ (ಮುಚ್ಚಳದ ಕೀಲು) ಹತ್ತಿರ ನೋಡಿ. ವೈರ್ ಹೋಗಲಿಕ್ಕೆ ಅಂತ ಒಂದು ಸಣ್ಣ ತೋಡು ಇರುತ್ತೆ, ಅದರಿಂದ ಮೇಲೆ ಬಂದು ಹಿಂಜ್‌ಗೆ ಸಿಕ್ಕಿರಬೇಕು. ಒಳಗೆ ಕೂರಿಸಿ. ಪ್ಯಾನೆಲ್ ಕಡೆಯ ಕನೆಕ್ಟರ್ ಮೇಲೆ ಮೊದಲು ಇದ್ದ ಪಾರದರ್ಶಕ ಟೇಪನ್ನೂ ವಾಪಸ್ ಅಂಟಿಸಿ, ಅದು ಇಲ್ಲದಿದ್ದರೆ ದಿನ ಹೋದ ಹಾಗೆ ಸಡಿಲ ಆಗುತ್ತೆ.

ತುಂಗಾತೀರ

ಹೌದು, ಎಡಗಡೆ ಹಿಂಜ್ ಹತ್ತಿರ ವೈರ್ ತೋಡಿನಿಂದ ಮೇಲೆ ಬಂದಿತ್ತು, ಒಂದು ಕಡೆ ಚಪ್ಪಟೆ ಆಗಿತ್ತು, ಆದರೆ ಸಿಪ್ಪೆ ಹರಿದಿರಲಿಲ್ಲ. ಕೂರಿಸಿದೆ, ಟೇಪ್ ಅಂಟಿಸಿದೆ. ಈಗ ಪೂರ್ತಿ ಹಿಂದಕ್ಕೆ ವಾಲಿಸಿದರೂ ಮಿನುಗಲ್ಲ.

ಕಿವಿಮಾತು ಅವರೇ, ಅಮ್ಮ ಒಪ್ಪಿದರು. ಹಸೆಗೆ ಕರೆಯುವ ಹಾಡು ಯೂನಿಕೋಡ್‌ಗೆ ಬದಲಾಯಿಸಿ, ಅಮ್ಮನ ಜೊತೆ ಕೂತು ಒಂದೊಂದು ಸಾಲೂ ಓದಿ ತಿದ್ದಿದ್ದೀನಿ, ಆ ಮೂರನೇ ಸಾಲಿನ ಪದ ಕೂಡ. ಈಗ ನಿಮಗೆ ಮೆಸೇಜ್‌ನಲ್ಲಿ ಕಳಿಸಿದೆ. ಎನ್‌ವಿಡಿಎ ಎಲ್ಲಾದರೂ ತಪ್ಪಾಗಿ ಓದಿದರೆ ಯಾವ ಸಾಲು ಅಂತ ಹೇಳಿ, ಉಳಿದ ಹಾಡುಗಳಲ್ಲೂ ಅದನ್ನೇ ಹುಡುಕಿ ಸರಿ ಮಾಡ್ತೀನಿ.